ಪುಸ್ತಕದ ಬೆನ್ನಿನಲ್ಲಿ ಮೂವತ್ತೊಂದು

೧೯೭೭ನೆಯ ಇಸವಿ ಜೂನ್ ತಿಂಗಳ ಆರನೆಯ ತಾರೀಖು, ಸೋಮವಾರ, ಬೆಳಿಗ್ಗೆ ಎಂಟು ಗಂಟೆಗೆ ಐದು ನಿಮಿಷವಿರುವಾಗ, ನಮ್ಮ ಮುದ್ರಣಾಲಯದ ಬೈಂಡಿಂಗ್ ವಿಭಾಗದ ಬಾಗಿಲಲ್ಲಿ ಇಪ್ಪತ್ತು ವರ್ಷದ ಒಬ್ಬ ಹೆಣ್ಣುಮಗಳು ಬಂದು ನಿಂತರು. ವಿಭಾಗದ ಹಿರಿಯರನ್ನು ಎಲ್ಲರೂ ದೊಡ್ಡ ಮೇಸ್ತ್ರಿ ಎಂದು ಕರೆಯುತ್ತಿದ್ದೆವು. ಅವರು ಆಕೆಯ ಕೈಗೆ ಒಂದು ಸೂಜಿಯನ್ನೂ ಒಂದು ಮೊಳ ದಾರವನ್ನೂ ಅಚ್ಚಾದ ಹಾಳೆ ಮಡಿಚಿದ ನಾಲ್ಕು ಫಾರಂಗಳನ್ನೂ ಕೊಟ್ಟು, "ಹೊಲಿ ನೋಡೋಣ" ಎಂದರು. ಆಕೆ ಸೂಜಿಯನ್ನು ಎಡಗೈಗೆ ತೆಗೆದುಕೊಂಡರು.

"ಎಡಗೈಯಾ?" ಎಂದು ಮೇಸ್ತ್ರಿ ಹುಬ್ಬೇರಿಸಿದರು.

"ಹೌದು ಸಾರ್. ಆದ್ರೆ ದಾರಕ್ಕೇನೂ ಗೊತ್ತಾಗಲ್ಲ."

ಮೇಸ್ತ್ರಿಯವರು ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು, ಎಳೆದು ನೋಡಿದರು, ಮೇಜಿನ ಖಾನೆಯಿಂದ ಒಂದು ಹಿತ್ತಾಳೆಯ ಬಿಲ್ಲೆಯನ್ನು ತೆಗೆದು ಕೊಟ್ಟರು. ಅದರ ಮೇಲೆ ಮೂವತ್ತೊಂದು ಎಂಬ ಸಂಖ್ಯೆಯಿತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ ಕಿರಿಯರೂ ಹಿರಿಯರೂ ಆಕೆಯನ್ನು 'ಹೊಲಿಗೆಯಕ್ಕ' ಎಂದೇ ಕರೆಯತೊಡಗಿದರು. ಕರಡು ತಿದ್ದುವ ನನ್ನ ಕೋಣೆಗೂ ಅವರ ವಿಭಾಗಕ್ಕೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ ಮಾತ್ರ. ಆದ್ದರಿಂದ ಅಲ್ಲಿನ ಮಾತುಗಳಲ್ಲಿ ಹೆಚ್ಚಿನವನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕೇಳದೆ ಇದ್ದವನ್ನು ಸಂಬಂಧಪಟ್ಟವರಿಂದಲೇ ವಿಚಾರಿಸಿ ಬರೆಯುತ್ತಿದ್ದೇನೆ.

ಪುಸ್ತಕ ಕಟ್ಟುವ ಕೆಲಸವನ್ನು ಎರಡು ಮಾತುಗಳಲ್ಲಿ ಹೇಳಿಬಿಡಬಹುದು. ಅಚ್ಚಾದ ದೊಡ್ಡ ಹಾಳೆಯನ್ನು ಮಡಿಚಿದರೆ ಹದಿನಾರು ಪುಟದ ಒಂದು ಫಾರಂ ಆಗುತ್ತದೆ. ಅಂಥ ಫಾರಂಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದು, ಬೆನ್ನಿಗೆ ಅಂಟು ಸವರಿ, ಅರಿವೆಯ ಪಟ್ಟಿ ಹಚ್ಚಿ, ಅಂಚು ಕತ್ತರಿಸಿ, ರಟ್ಟು ಹೊದಿಸಿದರೆ ಪುಸ್ತಕ. ನಮ್ಮಲ್ಲಿ ಮಡಿಚುವವರು, ಜೋಡಿಸುವವರು, ಹೊಲಿಯುವವರು ಎಲ್ಲರೂ ಹೆಂಗಸರು. ಕತ್ತರಿಸುವವರು, ರಟ್ಟು ಕೂರಿಸುವವರು, ಬಂಗಾರದ ಅಕ್ಷರ ಒತ್ತುವವರು ಗಂಡಸರು. ಮೊದಲನೆಯದಕ್ಕೆ ದಾಖಲೆಯಲ್ಲಿ 'ಹಗುರ ಕೆಲಸ' ಎಂದೂ ಎರಡನೆಯದಕ್ಕೆ 'ಭಾರಿ ಕೆಲಸ' ಎಂದೂ ಹೆಸರು. ಗಂಡಸಿನ ಕೈಗೆ ಹತ್ತು ಬಂದರೆ ಹೆಂಗಸಿನ ಕೈಗೆ ಆರು ಬರುತ್ತಿತ್ತು. ಐನೂರು ಪುಸ್ತಕಗಳ ಫಾರಂ ಕಟ್ಟುಗಳನ್ನು ಸೊಂಟದ ಮೇಲೆ ಹೊತ್ತು ತರುವವರು ಹೆಂಗಸರೇ ಆಗಿದ್ದರೂ ಅದು ಹಗುರ ಕೆಲಸವೇ. ಮಡಿಚುವ ಮೇಜಿನಲ್ಲಿದ್ದ, ಇಪ್ಪತ್ತೇಳನೆಯ ಬಿಲ್ಲೆಯ ಹೆಂಗಸಿಗೆ ಮಡಿಕೆಯಕ್ಕ ಎಂದು ಹೆಸರು, ಬಾಯಿ ಜೋರು. ಆಕೆ ಒಮ್ಮೆ ಕಟ್ಟು ಇಳಿಸುತ್ತಾ, "ಹಗುರ ಅಂದ್ರೆ ಕೆಲಸ ಅಲ್ಲ ಕಣ್ರೇ, ಸಂಬಳ" ಎಂದದ್ದು ಹಲಗೆಯ ಈಚೆಗೂ ಕೇಳಿಸಿತು.

೧೯೭೮ನೆಯ ನವೆಂಬರ್ ೨೬, ಭಾನುವಾರ, ಹೊಲಿಗೆಯಕ್ಕನಿಗೂ ಕತ್ತರಿ ಯಂತ್ರದ ಮೇಸ್ತ್ರಿಗೂ ಮದುವೆಯಾಯಿತು. ಆತ ೧೯೭೬ನೆಯ ಜನವರಿ ೫ರಂದು ಕೆಲಸಕ್ಕೆ ಸೇರಿದವರು, ಹನ್ನೆರಡನೆಯ ಬಿಲ್ಲೆ, ಒಳ್ಳೆಯ ಮನುಷ್ಯ. ಕೂದಲೆಳೆಯಷ್ಟೂ ಸೊಟ್ಟವಾಗದಂತೆ ಕಾಗದ ಕತ್ತರಿಸಬಲ್ಲವರು. ಆದರೆ ಮನೆಯಲ್ಲಿ ಒಂದು ಈರುಳ್ಳಿ ಕತ್ತರಿಸಿದವರಲ್ಲ. ಇಬ್ಬರೂ ಬೆಳಿಗ್ಗೆ ಏಳೂವರೆಗೆ ಒಂದೇ ಸೈಕಲ್ಲಿನ ಮೇಲೆ ಹೊರಡುವುದನ್ನು ನೋಡಿ ಬೀದಿಯವರು ಮೆಚ್ಚುತ್ತಿದ್ದರು. ಆ ಏಳೂವರೆಗೆ ಮುಂಚೆ ಆಕೆಗೆ ಎರಡೂಮುಕ್ಕಾಲು ಗಂಟೆಯ ಕೆಲಸ ಮುಗಿದಿರುತ್ತಿತ್ತು, ಆತನಿಗೆ ಹಲ್ಲುಜ್ಜಿ ಮುಖ ತೊಳೆಯುವುದು ಮುಗಿದಿರುತ್ತಿತ್ತು ಎಂಬುದನ್ನು ಬೀದಿಯವರು ನೋಡಿರಲಿಲ್ಲ.

ಇಲ್ಲಿ ಒಂದು ನಿಯಮವನ್ನು ಹೇಳಬೇಕು. ೧೯೭೯ನೆಯ ಮಾರ್ಚ್ ೧ರಿಂದ ಜಾರಿಗೆ ಬಂದ ಸೇವಾ ನಿಯಮಗಳಲ್ಲಿ ಹದಿನಾಲ್ಕನೆಯದು ಹೀಗಿತ್ತು: 'ಹೆರಿಗೆಯ ನಿಮಿತ್ತ ಕೆಲಸ ಬಿಟ್ಟವರು ಮರಳಿ ಬಂದಲ್ಲಿ, ಅವರನ್ನು ಹೊಸದಾಗಿ ಸೇರಿದವರೆಂದು ಪರಿಗಣಿಸತಕ್ಕದ್ದು.' ಆ ನಿಯಮಾವಳಿಯ ಕರಡನ್ನು ತಿದ್ದಿದವನು ನಾನೇ. ಅದರಲ್ಲಿ ಎರಡು ಅಲ್ಪವಿರಾಮಗಳನ್ನು ಸರಿಪಡಿಸಿದೆ. ಮತ್ತೇನನ್ನೂ ಸರಿಪಡಿಸಬೇಕೆಂದು ಆಗ ನನಗೆ ತೋಚಲಿಲ್ಲ.

ಹೊಲಿಗೆಯಕ್ಕ ಮೊದಲ ಹೆರಿಗೆಗೆಂದು ೧೯೮೦ನೆಯ ಫೆಬ್ರವರಿ ೧೧ರಂದು ಮನೆಗೆ ಹೋದರು. ಬಿಲ್ಲೆಯನ್ನು ಹಿಂತಿರುಗಿಸಲು ಬಂದಾಗ ದೊಡ್ಡ ಮೇಸ್ತ್ರಿ ತೆಗೆದುಕೊಳ್ಳಲಿಲ್ಲ. "ಇಟ್ಕೊಳಮ್ಮ. ಮಗುವಿಗೆ ಗಿಲಕಿ ಆಗುತ್ತೆ" ಎಂದರು. ಮಾರ್ಚ್ ೨ರಂದು ಮಗಳು ಹುಟ್ಟಿದಳು. ಏಪ್ರಿಲ್ ಮೂರನೆಯ ವಾರಕ್ಕೆ ಶಾಲೆಯ ಅಂಕಗಣಿತದ ಪುಸ್ತಕಗಳು ಹನ್ನೆರಡು ಸಾವಿರ ಪ್ರತಿ ಬಂದು ಬಿದ್ದವು. ಹೊಲಿಯುವ ಕೈಗಳು ಸಾಲದೆ ಹೋದವು. ದೊಡ್ಡ ಮೇಸ್ತ್ರಿಯವರು ಕತ್ತರಿ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು, "ಮನೆಗೊಂದಿಷ್ಟು ಕಟ್ಟು ತಗೊಂಡು ಹೋಗಪ್ಪ. ಅವಳ ಕೈ ಖಾಲಿ ಇದ್ಯಲ್ಲ" ಎಂದರು.

ಕೈ ಖಾಲಿ ಇತ್ತು ಎಂಬ ಮಾತನ್ನು ನೆನೆಸಿಕೊಂಡು ಹೊಲಿಗೆಯಕ್ಕ ಇಂದಿಗೂ ನಗುತ್ತಾರೆ. ಕಿಟಕಿಯ ಸರಳಿಗೆ ಹೊಲಿಗೆಯ ಚೌಕಟ್ಟು ಕಟ್ಟಿ, ತೊಟ್ಟಿಲಿಗೆ ಮೂವತ್ತೊಂದನೆಯ ಬಿಲ್ಲೆಯನ್ನು ತೂಗುಬಿಟ್ಟು, ಆಕೆ ದಿನಕ್ಕೆ ನಲವತ್ತು ಪುಸ್ತಕ ಹೊಲಿದರು.

"ಮಗು ಅಳ್ತಾ ಇದೆ ಕಣೇ" ಎಂದು ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದರು.

"ಎರಡೇ ಹೊಲಿಗೆ ಅತ್ತೆ! ನಡುವೆ ಬಿಟ್ರೆ ದಾರ ಸಡಿಲ ಆಗುತ್ತೆ."

"ನಿನ್ನ ದಾರಕ್ಕಿಂತ ಈ ಕೂಸಿನ ಗಂಟಲೇ ಗಟ್ಟಿ. ಬಾ, ಇಲ್ಲಾಂದ್ರೆ ಹಾಲಿನ ಪಾತ್ರೆ ನೀನು ನೋಡ್ಕೊ, ಕೂಸನ್ನ ನಾನೆತ್ಕೋತೀನಿ."

ಹೊಲಿದ ಪ್ರತಿಯೊಂದು ಪುಸ್ತಕದ ಕೊನೆಯ ಫಾರಮಿನ ಬೆನ್ನಿನ ಮೇಲೆ, ಅಂಟು ಬೀಳುವ ಮುಂಚೆ, ಹೊಲಿದವರು ಪೆನ್ಸಿಲ್ಲಿನಿಂದ ತಮ್ಮ ಬಿಲ್ಲೆಯ ಸಂಖ್ಯೆಯನ್ನೂ ತಾರೀಖನ್ನೂ ಬರೆಯಬೇಕೆಂಬುದು ನಮ್ಮ ಮುದ್ರಣಾಲಯದ ಹಳೆಯ ಕಟ್ಟಳೆ. ಪುಟ ಅದಲುಬದಲಾದ ಪುಸ್ತಕ ಹಿಂದಕ್ಕೆ ಬಂದರೆ ಬೆನ್ನು ಬಿಚ್ಚಿ ನೋಡಿ, ಯಾರ ತಪ್ಪೆಂದು ಹಿಡಿದು, ದಂಡ ಹಾಕುವುದಕ್ಕಾಗಿ ಮಾಡಿದ ಏರ್ಪಾಡು ಅದು. ಹೊರಗಿನ ಯಾವ ಓದುಗನಿಗೂ ಅದು ಕಾಣುವುದಿಲ್ಲ. ಹೊಲಿಗೆಯಕ್ಕ ಮನೆಯಲ್ಲಿ ಹೊಲಿದ ಪುಸ್ತಕಗಳ ಮೇಲೂ ತಪ್ಪದೆ ಬರೆದರು. ಹಾಗೆ ಬರೆಯಬೇಕೆಂದು ಯಾರೂ ಹೇಳಿರಲಿಲ್ಲ, ಬರೆಯಬೇಡವೆಂದೂ ಹೇಳಿರಲಿಲ್ಲ.

ಆಕೆ ಕೆಲಸಕ್ಕೆ ಮರಳಿದ್ದು ೧೯೮೦ನೆಯ ಸೆಪ್ಟೆಂಬರ್ ೧ರಂದು. ಎರಡನೆಯ ಬಾರಿಗೆ ಮನೆಗೆ ಹೋದದ್ದು ೧೯೮೩ನೆಯ ಅಕ್ಟೋಬರ್ ೨೪ರಂದು. ಮಗ ಹುಟ್ಟಿದ್ದು ನವೆಂಬರ್ ೯ರಂದು. ಮರಳಿದ್ದು ೧೯೮೪ನೆಯ ಜುಲೈ ೨ರಂದು. ಆಗಲೂ ಕಟ್ಟುಗಳು ಸೈಕಲ್ಲಿನ ಮೇಲೆ ಮನೆಗೆ ಬಂದವು, ಹೊಲಿಗೆ ಹಾಕಿಸಿಕೊಂಡು ಹೋದವು. ಕೂಲಿಯನ್ನು ದೊಡ್ಡ ಮೇಸ್ತ್ರಿಯವರು 'ಹೊರಗಿನ ಕೆಲಸ' ಎಂಬ ಹೆಸರಿನಲ್ಲಿ ಪಡೆದು ಗಂಡನ ಕೈಯಲ್ಲಿ ಕಳುಹಿಸುತ್ತಿದ್ದರು. ಆಕೆಯ ಹೆಸರು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರಲಿಲ್ಲ. ಹೊಲಿದ ಪುಸ್ತಕಗಳ ಬೆನ್ನಿನಲ್ಲಿ ಮಾತ್ರ ಬಿಲ್ಲೆಯ ಸಂಖ್ಯೆ ಬಂದಿತ್ತು.

೧೯೮೫ರ ಹೊತ್ತಿಗೆ ದೊಡ್ಡ ಮೇಸ್ತ್ರಿಯವರ ಕಣ್ಣು ಮಂಜಾಯಿತು. ಗ್ರಂಥಾಲಯಗಳಿಂದ ದುರಸ್ತಿಗೆ ಬರುತ್ತಿದ್ದ ಹಳೆಯ ಪುಸ್ತಕಗಳನ್ನು ಅವರು ಹೇಳಿದಂತೆ ಹೊಲಿಗೆಯಕ್ಕ ಬಿಚ್ಚಿ ಕಟ್ಟತೊಡಗಿದರು. ಎರಡು ವರ್ಷದ ಬಳಿಕ ಅವರು ಹೇಳುವ ಮುಂಚೆಯೇ ಕಟ್ಟತೊಡಗಿದರು. ರಟ್ಟು ಕೂರಿಸುವುದು, ಬೆನ್ನನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಗುಂಡಾಗಿಸುವುದು, ಬಂಗಾರದ ಅಕ್ಷರ ಒತ್ತುವುದು ಎಲ್ಲವೂ ಆಕೆಯ ಕೈಗೆ ಹತ್ತಿತು. ದಾಖಲೆಯಲ್ಲಿ ಆಕೆ ಸಹಾಯಕಿ. ಯಾರಿಗೆ ಸಹಾಯಕಿ ಎಂದು ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು.

ದೊಡ್ಡ ಮೇಸ್ತ್ರಿಯವರು ನಿವೃತ್ತರಾಗಬೇಕಾದದ್ದು ೧೯೯೨ನೆಯ ಸೆಪ್ಟೆಂಬರ್ ೩೦ರಂದು. ಅದೇ ತಿಂಗಳ ೧೪, ಸೋಮವಾರ, ಅವರ ಸ್ಥಾನಕ್ಕೆ ಬರುವವರ ಹೆಸರನ್ನು ಸೂಚನಾ ಫಲಕದಲ್ಲಿ ಅಂಟಿಸಲಾಯಿತು. ಬೈಂಡಿಂಗ್ ವಿಭಾಗದಲ್ಲಿ ತಡೆಯಿಲ್ಲದೆ ಹನ್ನೆರಡು ವರ್ಷ ಸೇವೆ ಸಲ್ಲಿಸಿದವರಿಗೆ ಮಾತ್ರ ಆ ಹುದ್ದೆ. ಹದಿನಾಲ್ಕನೆಯ ನಿಯಮದ ಪ್ರಕಾರ ಹೊಲಿಗೆಯಕ್ಕನ ಸೇವೆ ೧೯೮೪ನೆಯ ಜುಲೈ ೨ರಿಂದ ಲೆಕ್ಕ. ಎಂಟು ವರ್ಷ, ಎರಡು ತಿಂಗಳು, ಹನ್ನೆರಡು ದಿನ. ಹಾಗಾಗಿ ಫಲಕದ ಮೇಲೆ ಬಂದದ್ದು ಆಕೆಯ ಗಂಡನ ಹೆಸರು.

ಕತ್ತರಿ ಮೇಸ್ತ್ರಿ ಆ ದಿನ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಹೋದರು. ಆ ಸಂಜೆಯ ಮಾತುಕತೆಯನ್ನು ಗಂಡನೂ ಹೆಂಡತಿಯೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ. ಎರಡು ಪ್ರತಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ, ಹೊಂದಿಕೆಯಾಗುತ್ತವೆ.

"ಏನೇ, ನೋಡಿದ್ಯಾ? ನನ್ನ ಹೆಸರು ಬಂದಿದೆ."

"ನೋಡಿದೆ. ಅಂಟಿಸೋಕೆ ಅಂಟು ಕಲಸಿಕೊಟ್ಟಿದ್ದೇ ನಾನು."

"ದುರಸ್ತಿ ಕೆಲಸ ಎಲ್ಲಾ ನಿಂಗೆ ಗೊತ್ತಲ್ಲ. ಪಕ್ಕದಲ್ಲೇ ಇರ್ತೀಯ, ಹೇಳ್ಕೊಟ್ರಾಯ್ತು."

"ಹೇಳ್ಕೊಡೋಳು ಸಹಾಯಕಿ, ಕಲಿಯೋರು ಮೇಸ್ತ್ರಿ. ಚೆನ್ನಾಗಿದೆ ನಿಮ್ಮ ಶಾಲೆ."

"ಅಯ್ಯೋ, ದುಡ್ಡು ಎಲ್ಲಿಗೆ ಬರುತ್ತೆ ಹೇಳು? ಇದೇ ಮನೆಗೆ ತಾನೆ. ನನ್ನ ಹೆಸರಲ್ಲಿ ಬಂದ್ರೇನು, ನಿನ್ನ ಹೆಸರಲ್ಲಿ ಬಂದ್ರೇನು?"

"ಎರಡೂ ಒಂದೇನಾ?"

"ಒಂದೇ ಅಲ್ವಾ ಮತ್ತೆ?"

"ಹಾಗಾದ್ರೆ ನನ್ನ ಹೆಸರಲ್ಲೇ ಬರ್ಲಿ ಬಿಡಿ."

ಕತ್ತರಿ ಮೇಸ್ತ್ರಿ ತುತ್ತನ್ನು ಕೈಯಲ್ಲೇ ಹಿಡಿದು ಕುಳಿತರು. ಅತ್ತೆ ಮೂಲೆಯಿಂದ, "ಮಾತಲ್ಲಿ ಇವಳನ್ನ ಗೆಲ್ಲೋಕಾಗಲ್ಲ ಮಗನೆ. ತಣ್ಣಗಾಗುತ್ತೆ, ಉಣ್ಣು" ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ಅಲ್ವೇ, ಗಂಡನ ಮೇಲೇ ಮೇಸ್ತ್ರಿಕೆ ಮಾಡ್ತೀನಿ ಅಂತೀಯಲ್ಲ, ನಾಚಿಕೆ ಆಗಲ್ವಾ?" ಎಂದು ಕೇಳಿದರು.

"ನೀವು ಮಾವನ ಮೇಲೆ ಮಾಡ್ಲಿಲ್ವಾ ಅತ್ತೆ?"

"ಅದು ಸಂಬಳ ಇಲ್ಲದ ಮೇಸ್ತ್ರಿಕೆ ಕಣೇ" ಎಂದು ಅತ್ತೆ ನಕ್ಕುಬಿಟ್ಟರು.

ಪಾಠ ಬರೆಯುತ್ತಿದ್ದ ಹನ್ನೆರಡು ವರ್ಷದ ಮಗಳು ತಲೆಯೆತ್ತಿ ಕೇಳಿದಳು: "ಅಪ್ಪಾ, ನಾನು ಹುಟ್ಟಿದಾಗ ನಿಮ್ಮ ಸರ್ವಿಸಲ್ಲಿ ಎಷ್ಟು ವರ್ಷ ಹೋಯ್ತು?"

"ನಂದ್ಯಾಕೆ ಹೋಗುತ್ತೆ? ಒಂದು ದಿನಾನೂ ಹೋಗಿಲ್ಲ."

"ನಾನು ನಿಮಗೂ ಮಗಳೇ ಅಲ್ವಾ?"

ಈ ಪ್ರಶ್ನೆಯನ್ನು ಚಾಚೂತಪ್ಪದೆ ನನಗೆ ಹೇಳಿದವರು ಕತ್ತರಿ ಮೇಸ್ತ್ರಿಯೇ.

ಬುಧವಾರ, ೧೬ನೆಯ ತಾರೀಖು, ಹೊಲಿಗೆಯಕ್ಕ ವ್ಯವಸ್ಥಾಪಕರಿಗೆ ಅರ್ಧ ಪುಟದ ಅರ್ಜಿ ಕೊಟ್ಟರು. 'ನಾನು ೧೯೭೭ನೆಯ ಜೂನ್ ೬ರಿಂದ ಈ ದಿನದವರೆಗೆ ಕೆಲಸ ಬಿಟ್ಟಿಲ್ಲ. ತೋರಿಸಿಕೊಡಲು ಸಿದ್ಧಳಿದ್ದೇನೆ' ಎಂಬುದೇ ಅದರ ತಿರುಳು. ಅಲ್ಲಿಂದ ನೇರವಾಗಿ ನನ್ನ ಕೋಣೆಗೆ ಬಂದರು.

"ಸಾರ್, ೧೯೮೦ನೇ ಏಪ್ರಿಲ್ ಮೇನಲ್ಲಿ, ಆಮೇಲೆ ೧೯೮೪ನೇ ಜನವರಿಯಿಂದ ಜೂನ್ ಒಳಗೆ ನಾವು ಕಟ್ಟಿದ ಪುಸ್ತಕ ಯಾವ್ಯಾವುದು? ನಿಮಗೆ ತಾರೀಖು ಎಲ್ಲಾ ಬಾಯಿಪಾಠ ಅಲ್ವಾ?"

ಬಾಯಿಪಾಠದ ಮೇಲೆ ನಾನು ಭರವಸೆ ಇಡುವುದಿಲ್ಲ. ದಾಖಲೆಯ ಕೋಣೆಗೆ ಹೋಗಿ ನೋಡಿ, ಏಳು ಪುಸ್ತಕಗಳ ಪಟ್ಟಿ ಬರೆದುಕೊಟ್ಟೆ. ನಾವು ಅಚ್ಚು ಮಾಡಿದ ಪ್ರತಿಯೊಂದು ಪುಸ್ತಕದ ಮೂರು ಪ್ರತಿಗಳು ಆ ಕೋಣೆಯ ಕಪಾಟಿನಲ್ಲಿ ಇರುತ್ತವೆ. ಯಾವ ಪ್ರತಿಯನ್ನು ಯಾರು ಹೊಲಿದರೆಂಬುದು ಮಾತ್ರ ಬೆನ್ನು ಬಿಚ್ಚದೆ ತಿಳಿಯುವಂತಿರಲಿಲ್ಲ. ಏಳು ಪುಸ್ತಕ, ಇಪ್ಪತ್ತೊಂದು ಪ್ರತಿ. ಅವುಗಳಲ್ಲಿ ಒಂದೂ ಆಕೆಯದ್ದಲ್ಲದೆ ಇರಬಹುದು. ಆ ಮಾತನ್ನು ನಾನು ಎಚ್ಚರಿಕೆಯಾಗಿ ಹೇಳಿದೆ.

"ಇರುತ್ತೆ ಸಾರ್" ಎಂದರು ಹೊಲಿಗೆಯಕ್ಕ. "ಅಷ್ಟು ಹೊಲಿದಿದ್ದೀನಿ."

ಶುಕ್ರವಾರ, ೧೮ನೆಯ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ ದಾಖಲೆಯ ಕೋಣೆಯಲ್ಲಿ ವಿಚಾರಣೆ ನಡೆಯಿತು. ವ್ಯವಸ್ಥಾಪಕರು, ದೊಡ್ಡ ಮೇಸ್ತ್ರಿ, ಕತ್ತರಿ ಮೇಸ್ತ್ರಿ, ಹೊಲಿಗೆಯಕ್ಕ. ನಡೆದದ್ದನ್ನು ಬರೆದುಕೊಳ್ಳಲು ನಾನು. ಹೊಲಿಗೆಯಕ್ಕ ಒಂದು ಬಟ್ಟಲು ಬಿಸಿನೀರು, ಒಂದು ಅರಿವೆಯ ತುಂಡು, ಮೊಂಡಾದ ಒಂದು ಚಾಕು ತಂದಿದ್ದರು.

"ಇದೇನಮ್ಮ, ಪುಸ್ತಕಕ್ಕೆ ಸ್ನಾನನಾ?" ಎಂದರು ವ್ಯವಸ್ಥಾಪಕರು.

"ಬೆನ್ನಿಗೆ ಮಾತ್ರ ಸಾರ್. ಮೈದಾ ಅಂಟು ನೀರಿಗೆ ಬಿಡುತ್ತೆ, ಪೆನ್ಸಿಲ್ ಬಿಡಲ್ಲ."

"ದಾಖಲೆ ಪ್ರತಿ ಹಾಳಾದ್ರೆ?"

"ಇವತ್ತು ಸಂಜೆ ಐದರೊಳಗೆ ಮೊದಲಿನ ಹಾಗೇ ಮಾಡಿಕೊಡ್ತೀನಿ. ಯಾವುದು ಬಿಚ್ಚಿದ್ದು ಅಂತ ನೀವು ಕಂಡುಹಿಡಿದ್ರೆ ಅರ್ಜಿ ವಾಪಸ್ ತಗೋತೀನಿ."

ವ್ಯವಸ್ಥಾಪಕರು ನನ್ನ ಕಡೆ ನೋಡಿದರು. ಆ ಮಾತನ್ನು ನಾನು ಬರೆದುಕೊಂಡೆ.

ಮೊದಲು ಅಂಕಗಣಿತದ ಒಂದು ಪ್ರತಿ. ಹೊಲಿಗೆಯಕ್ಕ ರಟ್ಟನ್ನು ಬಿಡಿಸಿ, ಒದ್ದೆ ಅರಿವೆಯನ್ನು ಬೆನ್ನಿನ ಮೇಲೆ ಇಟ್ಟು, ಹತ್ತು ನಿಮಿಷ ಕೈಕಟ್ಟಿ ಕುಳಿತರು. ಆಮೇಲೆ ಪಟ್ಟಿಯನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ತೆಗೆದರು. ಅಂಟಿನ ಕೆಳಗೆ ಪೆನ್ಸಿಲ್ಲಿನ ಗೀಟು ಸ್ಪಷ್ಟವಾಗಿತ್ತು. ವ್ಯವಸ್ಥಾಪಕರು ಕನ್ನಡಕ ಸರಿಮಾಡಿಕೊಂಡು ಓದಿದರು: "ಇಪ್ಪತ್ತೇಳು. ಆರು, ಮೇ, ಎಂಬತ್ತು." ಅವರ ಮುಖ ಅರಳಿತು. "ಇದು ನೀನಲ್ವಲ್ಲಮ್ಮ. ನಿಂದು ಮೂವತ್ತೊಂದು."

ಕತ್ತರಿ ಮೇಸ್ತ್ರಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅದು ನೆಮ್ಮದಿಯ ಉಸಿರೋ ಸಂಕಟದ್ದೋ ಅವರಿಗೇ ತಿಳಿದಿರಲಿಕ್ಕಿಲ್ಲ.

ಹೊಲಿಗೆಯಕ್ಕ ಮಾತ್ರ ಅಲುಗಲಿಲ್ಲ. "ನಾನಲ್ಲ ಸಾರ್. ಇಪ್ಪತ್ತೇಳು ಅಂದ್ರೆ ಮಡಿಕೆಯಕ್ಕ. ಅವತ್ತು ಅವಳೆಲ್ಲಿದ್ಲು, ಸ್ವಲ್ಪ ಹಾಜರಿ ನೋಡ್ತೀರಾ?"

ಹಾಜರಿಯ ಪುಸ್ತಕ ನನ್ನ ಎದುರೇ ಇತ್ತು. ತೆರೆದು ಓದಿದೆ: ಇಪ್ಪತ್ತೇಳನೆಯ ಬಿಲ್ಲೆ, ೧೯೮೦ನೆಯ ಮಾರ್ಚ್ ೩ರಂದು ಹೆರಿಗೆಯ ನಿಮಿತ್ತ ಕೆಲಸ ಬಿಟ್ಟಿದ್ದು, ಅಕ್ಟೋಬರ್ ೧೩ರಂದು ಹೊಸದಾಗಿ ಸೇರಿದ್ದು.

ಕೆಲಸ ಬಿಟ್ಟ ಹೆಂಗಸು, ಬಿಟ್ಟ ಎರಡು ತಿಂಗಳ ಮೇಲೆ ಮೂರು ದಿನಕ್ಕೆ, ನಮ್ಮ ಪುಸ್ತಕವನ್ನು ಹೊಲಿದು ಸಹಿ ಹಾಕಿದ್ದಳು. ದೊಡ್ಡ ಮೇಸ್ತ್ರಿಯವರು ಮಂಜುಗಣ್ಣನ್ನು ಒರೆಸಿಕೊಂಡು, "ಅವಳ ಮನೆಗೂ ಕಳಿಸಿದ್ದೆ. ಹೆತ್ತು ಮನೇಲಿದ್ದವರು ಎಲ್ಲರಿಗೂ ಕಳಿಸ್ತಿದ್ದೆ. ಪುಸ್ತಕ ಹೊತ್ತಿಗೆ ಹೋಗ್ಬೇಕಿತ್ತಲ್ಲ" ಎಂದರು. ಎಂಥ ಮಾತನ್ನು ಆಡಿದೆನೆಂಬುದು ಆಡಿದ ಮೇಲೆಯೇ ಅವರಿಗೆ ತಿಳಿದದ್ದು.

ಅಂಕಗಣಿತದ ಎರಡನೆಯ ಪ್ರತಿಯಲ್ಲಿ ಸಿಕ್ಕಿತು: ಮೂವತ್ತೊಂದು, ೯ ಮೇ ೧೯೮೦. ಆಮೇಲೆ ತೋಟಗಾರಿಕೆಯ ಕೈಪಿಡಿ. ಅದರ ಮೊದಲನೆಯ ಪ್ರತಿಯಲ್ಲೇ ಮೂವತ್ತೊಂದು. ೧೭ ಮಾರ್ಚ್ ೧೯೮೪. ಎರಡು ಹೆರಿಗೆ, ಎರಡು ತಾರೀಖು.

ವ್ಯವಸ್ಥಾಪಕರು ಕೆಟ್ಟವರಲ್ಲ, ಆದರೆ ನಿಯಮ ಕೈಬಿಟ್ಟರೆ ನೆಲ ಕುಸಿಯುತ್ತದೆಂದು ನಂಬಿದವರು. "ಆಯ್ತಮ್ಮ, ಹೊಲಿದಿದ್ದೀಯ. ಆದ್ರೆ ಮನೇಲಿ ಕೂತು ಮಾಡಿದ್ದು ಮನೆಗೆಲಸ ಅಲ್ವಾ?" ಎಂದರು.

"ಮನೆಗೆಲಸ ಆಗಿದ್ರೆ ಈ ಪುಸ್ತಕ ನಮ್ಮನೇಲಿರ್ಬೇಕಿತ್ತು ಸಾರ್. ನಿಮ್ಮ ಕಪಾಟಿಗೆ ಹೇಗೆ ಬಂತು?"

"ಅದನ್ನ ಹೊತ್ತು ತಂದೋರು ಯಾರು?" ಎಂದರು ವ್ಯವಸ್ಥಾಪಕರು.

ಈಗ ಎಲ್ಲರೂ ಕತ್ತರಿ ಮೇಸ್ತ್ರಿಯನ್ನು ನೋಡಿದೆವು. ಆತ ಬಾಯಿ ತೆರೆದರೆ ಫಲಕದ ಮೇಲಿನ ಹೆಸರು ಹೋಗುತ್ತದೆ. ತೆರೆಯದಿದ್ದರೆ ಸಂಜೆ ಮನೆಗೆ ಹೋಗಬೇಕು, ಅಲ್ಲಿ ಮಗಳಿದ್ದಾಳೆ. ಆತ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಾ ಎದ್ದು ನಿಂತರು.

"ನಾನೇ ಸಾರ್. ಸೈಕಲ್ ಮೇಲೆ, ಹಿಂದೆ ಎರಡು ಕಟ್ಟು, ಮುಂದೆ ಒಂದು. ಮಳೆ ಬಂದ್ರೆ ರೈನ್‌ಕೋಟು ಕಟ್ಟಿನ ಮೇಲೆ ಹಾಕ್ತಿದ್ದೆ, ನಾನು ನೆನೀತಿದ್ದೆ." ಕುಳಿತುಕೊಳ್ಳದೆ, "ಇನ್ನೊಂದು ಮಾತು ಸಾರ್. ನಂಗೆ ಕತ್ತರಿಸೋದು ಬರುತ್ತೆ, ಕೂಡಿಸೋದು ಬರಲ್ಲ. ಇವಳು ಕಟ್ಟಿದ್ದನ್ನ ನಾನು ಕಟ್ಟಿದೆ ಅಂತ ಸಹಿ ಹಾಕಬೇಕಾಗುತ್ತೆ. ಬೇಡ" ಎಂದರು.

ಹೊಲಿಗೆಯಕ್ಕ ಗಂಡನ ಕಡೆ ತಿರುಗಿ ನೋಡಲಿಲ್ಲ. ಬಿಚ್ಚಿದ ಮೂರು ಪುಸ್ತಕಗಳನ್ನೂ ಎತ್ತಿಕೊಂಡು, "ಅಂಟು ಒಣಗ್ಬೇಕು ಸಾರ್, ಹೊತ್ತಾಗುತ್ತೆ. ಬರ್ತೀನಿ" ಎಂದು ತಮ್ಮ ಮೇಜಿಗೆ ಹೋದರು.

ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಆರು ಪುಸ್ತಕಗಳು ವ್ಯವಸ್ಥಾಪಕರ ಮೇಜಿನ ಮೇಲಿದ್ದವು: ಅಂಕಗಣಿತದ ಮೂರು ಪ್ರತಿಗಳು, ಕೈಪಿಡಿಯ ಮೂರು. ಅವರು ಒಂದೊಂದನ್ನೂ ತೆರೆದರು, ಮುಚ್ಚಿದರು, ಬೆನ್ನನ್ನು ಬೆರಳಿನಿಂದ ತಟ್ಟಿದರು, ಕೊನೆಗೆ ಮೂಗಿನ ಬಳಿ ಹಿಡಿದು ಅಂಟಿನ ವಾಸನೆಯನ್ನೂ ನೋಡಿದರು. ಹಳೆಯ ಪುಸ್ತಕಗಳ ಜೊತೆ ಮಧ್ಯಾಹ್ನವೆಲ್ಲ ಒತ್ತಿಟ್ಟಿದ್ದರಿಂದ ಆರಕ್ಕೂ ಒಂದೇ ವಾಸನೆ ಬಂದಿತ್ತು. ಒಂದು ಪುಸ್ತಕವನ್ನು ಎತ್ತಿ, "ಇದು" ಎಂದರು. ಅದು ಬಿಚ್ಚದೆ ಇದ್ದ ಪ್ರತಿ.

"ಅದು ಅವತ್ತು ಗಂಡಸರು ರಟ್ಟು ಹಾಕಿದ್ದು ಸಾರ್, ಸ್ವಲ್ಪ ಸೊಟ್ಟ ಇದೆ" ಎಂದರು ಹೊಲಿಗೆಯಕ್ಕ.

ಸೋಮವಾರ, ೨೧ನೆಯ ತಾರೀಖು, ಆಜ್ಞೆ ಸಿದ್ಧವಾಯಿತು. ಅಂಟಿಸುವ ಮುಂಚೆ ಓದಿ ನೋಡಲೆಂದು ನನ್ನ ಮೇಜಿಗೆ ಬಂದಿತು. 'ವಿಶೇಷ ಅನುಕಂಪದ ಮೇರೆಗೆ, ನಿಯಮವನ್ನು ಸಡಿಲಿಸಿ, ಸಹಾಯಕಿಯನ್ನು ಈ ದಿನದಿಂದ ಮೇಸ್ತ್ರಿಯಾಗಿ ನೇಮಿಸಲಾಗಿದೆ' ಎಂದಿತ್ತು. ಕಾಗುಣಿತದಲ್ಲಿ ತಪ್ಪಿರಲಿಲ್ಲ. ೧೯೭೯ರಲ್ಲಿ ಆಗಿದ್ದರೆ ಸಹಿ ಹಾಕಿ ಕಳುಹಿಸುತ್ತಿದ್ದೆ. ಈ ಬಾರಿ ಹಲಗೆಯ ಗೋಡೆಯನ್ನು ತಟ್ಟಿ ಹೊಲಿಗೆಯಕ್ಕನನ್ನು ಕರೆದು ಓದಿಸಿದೆ.

"ಅನುಕಂಪ ಯಾಕೆ ಸಾರ್? ನಾನೇನು ಕೇಳಿದ್ನಾ?" ಎಂದರು. "ತೆಗೀರಿ ಅದನ್ನ. ಸಡಿಲಿಸಿ ಅನ್ನೋದನ್ನೂ ತೆಗೀರಿ. ಸಡಿಲ ಮಾಡೋ ಅಭ್ಯಾಸ ನನಗಿಲ್ಲ. ತಾರೀಖು ಹಾಕಿ: ೧೯೭೭ನೇ ಜೂನ್ ಆರರಿಂದ ಸೇವೆ. ಸಂಬಳ ದೊಡ್ಡ ಮೇಸ್ತ್ರಿದು ಎಷ್ಟಿತ್ತೋ ಅಷ್ಟು, ಒಂದು ಪೈಸೆನೂ ಕಡಿಮೆ ಬೇಡ. ಅಕ್ಟೋಬರ್ ಒಂದಕ್ಕೆ ಸೇರ್ತೀನಿ. ಅಲ್ಲೀವರೆಗೆ ದೊಡ್ಡ ಮೇಸ್ತ್ರಿಗಳು ಇನ್ನೂ ಕುರ್ಚೀಲಿದ್ದಾರೆ."

ಕೆಂಪು ಶಾಯಿಯಲ್ಲಿ ಐದು ತಿದ್ದುಪಡಿಗಳನ್ನು ಮಾಡಿ ಹಿಂದಕ್ಕೆ ಕಳುಹಿಸಿದೆ. ವ್ಯವಸ್ಥಾಪಕರು ಎರಡು ದಿನ ಇಟ್ಟುಕೊಂಡರು. ಬುಧವಾರ ಮಧ್ಯಾಹ್ನ ತಾವೇ ಬೈಂಡಿಂಗ್ ವಿಭಾಗಕ್ಕೆ ಬಂದು, ಹೊಲಿಗೆಯಕ್ಕ ಚದುರಿ ಹೋಗಿದ್ದ ಒಂದು ಭೂಪಟದ ಪುಸ್ತಕವನ್ನು ಕಟ್ಟುವುದನ್ನು ಕಾಲು ಗಂಟೆ ನಿಂತು ನೋಡಿ, ಹಿಂದಿರುಗಿ ಹೋಗಿ ಐದು ತಿದ್ದುಪಡಿಗಳಿಗೂ ಸಹಿ ಮಾಡಿದರು. ಮಡಿಕೆಯಕ್ಕನಂಥವರ ಲೆಕ್ಕವೂ ಹೊರಬಿದ್ದದ್ದರಿಂದ ಹದಿನಾಲ್ಕನೆಯ ನಿಯಮವನ್ನೇ ಅಕ್ಟೋಬರ್ ೧ರಿಂದ ಕೈಬಿಡಲಾಯಿತು. ಹೆರಿಗೆಗೆ ಹೋಗಿ ಮರಳಿದ ಎಲ್ಲರ ಸೇವೆಯನ್ನೂ ಮೊದಲಿನಿಂದ ಎಣಿಸಬೇಕೆಂದು ಬರೆಯಲಾಯಿತು. ಉಳಿದ ಹೆಂಗಸರ ಹತ್ತಕ್ಕೆ ಆರು ಹತ್ತಕ್ಕೆ ಹತ್ತಾಗಲು ಇನ್ನೂ ಐದು ವರ್ಷ ಹಿಡಿಯಿತು. ಆ ಕಥೆಯಲ್ಲೂ ಹೊಲಿಗೆಯಕ್ಕನೇ ಮುಂದೆ ನಿಂತಿದ್ದರು. ಆದರೆ ಅದು ಬೇರೆ ಕಥೆ.

ಮೇಸ್ತ್ರಿಯಾದವರು ಏಳು ಗಂಟೆಗೇ ಬಂದು ಅಂಟಿನ ಒಲೆ ಹೊತ್ತಿಸಬೇಕು. ಆದ್ದರಿಂದ ಅಕ್ಟೋಬರ್ ೧, ಗುರುವಾರ, ಹೊಲಿಗೆಯಕ್ಕ ಆರೂವರೆಗೇ ಮನೆ ಬಿಟ್ಟರು. ಹೊರಡುವ ಮುಂಚೆ ಅಡುಗೆಮನೆಯ ಗೋಡೆಗೆ, ಮುದ್ರಣಾಲಯದಲ್ಲಿ ಅಂಟಿಸುವಂಥದೇ ಒಂದು ಕೆಲಸದ ಚೀಟಿ ಅಂಟಿಸಿದ್ದರು: ಹಾಲು ಕಾಯಿಸುವುದು, ಬಿಲ್ಲೆ ಹನ್ನೆರಡು, ಮಕ್ಕಳ ಬುತ್ತಿ, ಬಿಲ್ಲೆ ಹನ್ನೆರಡು, ಪಾತ್ರೆ, ಬಿಲ್ಲೆ ಹನ್ನೆರಡು, ಸಂಜೆಯ ಅಡುಗೆ, ಬಿಲ್ಲೆ ಮೂವತ್ತೊಂದು. ಮೊದಲನೆಯ ದಿನ ಹಾಲು ಉಕ್ಕಿ ಒಲೆ ಆರಿತು. ಎರಡನೆಯ ದಿನವೂ ಉಕ್ಕಿತು. ಅತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಕಾಗದ ಅಲ್ಲ ಮಗನೆ, ಅದು ಹೇಳದೆ ಎದ್ದುಬರುತ್ತೆ. ಎದುರಿಗೇ ನಿಂತಿರ್ಬೇಕು" ಎಂದರು. ಆದರೆ ಸೌಟನ್ನು ಮಗನ ಕೈಯಿಂದ ತೆಗೆದುಕೊಳ್ಳಲಿಲ್ಲ. ಮೂರನೆಯ ವಾರಕ್ಕೆ ಕತ್ತರಿ ಮೇಸ್ತ್ರಿ ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚಿ, ಒಂದೇ ಅಳತೆಗೆ ಕತ್ತರಿಸಿದ ತರಕಾರಿಯನ್ನು ಎಲ್ಲರಿಗೂ ತೋರಿಸುತ್ತಿದ್ದರು. ಉಪ್ಪಿರಲಿಲ್ಲ, ಅಂಚು ಮಾತ್ರ ಕೂದಲೆಳೆಯಷ್ಟೂ ಸೊಟ್ಟವಿರಲಿಲ್ಲ.

ಸೇವೆಯ ಹೊಸ ಪಟ್ಟಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಹನ್ನೊಂದು ಹೆಂಗಸರು, ಹತ್ತೊಂಬತ್ತು ಹೆರಿಗೆಗಳು. ಹೋದ ದಿನ, ಹೆತ್ತ ದಿನ, ಮರಳಿದ ದಿನ ಸೇರಿ ಐವತ್ತೇಳು ತಾರೀಖುಗಳು. ಹಳೆಯ ಅರ್ಜಿಗಳನ್ನೆಲ್ಲ ಮುಂದಿಟ್ಟುಕೊಂಡು ನಾಲ್ಕು ದಿನ ಬರೆದೆ. ಅಕ್ಟೋಬರ್ ೯, ಶುಕ್ರವಾರ, ಹೊಲಿಗೆಯಕ್ಕ ಒಬ್ಬೊಬ್ಬರನ್ನಾಗಿ ನನ್ನ ಕೋಣೆಗೆ ಕಳುಹಿಸಿದರು. ಪ್ರತಿಯೊಬ್ಬರೂ ತಮ್ಮ ಸಾಲನ್ನು ಬೆರಳಿಟ್ಟು ಓದಿ ಸಹಿ ಮಾಡಿದರು. ಕೊನೆಯವರು ಮಡಿಕೆಯಕ್ಕ. ಬೆರಳು ಒಂದು ಕಡೆ ನಿಂತುಬಿಟ್ಟಿತು.

"ಇದು ತಪ್ಪು ಸಾರ್. ನನ್ನ ಮಗ ಹುಟ್ಟಿದ್ದು ಏಪ್ರಿಲ್ ಹನ್ನೊಂದು. ನೀವು ಹನ್ನೆರಡು ಬರ್ದಿದ್ದೀರ."

ತಾರೀಖಿನ ವಿಷಯದಲ್ಲಿ ನನ್ನನ್ನು ಅದುವರೆಗೆ ಯಾರೂ ತಿದ್ದಿರಲಿಲ್ಲ. ಹಳೆಯ ಅರ್ಜಿಯನ್ನು ತೆಗೆದು ತೋರಿಸಿದೆ. "ಇಲ್ಲಿ ನೋಡಿ, ಹನ್ನೆರಡು ಅಂತಲೇ ಇದೆ."

"ಅದು ಬರೆದೋರು ನಮ್ಮ ಯಜಮಾನ್ರು. ಅವರಿಗೆ ಗೊತ್ತಾಗಿದ್ದೇ ಮಾರನೇ ದಿನ" ಎಂದರು ಮಡಿಕೆಯಕ್ಕ. "ಹೆತ್ತೋಳು ನಾನು ಸಾರ್. ಶುಕ್ರವಾರ, ಸಂಜೆ ನಾಲ್ಕೂವರೆ."

ಹಲಗೆಯ ಆಚೆಯಿಂದ ಹೊಲಿಗೆಯಕ್ಕನ ದನಿ ಬಂತು: "ಮುಗೀತಾ ಸಾರ್? ಅವಳ ಮೇಜಿನ ಮೇಲೆ ಐನೂರು ಫಾರಂ ಬಿದ್ದಿದೆ."

೧೯೮೦ನೆಯ ಏಪ್ರಿಲ್ ೧೧ ಶುಕ್ರವಾರವೇ ಹೌದೆಂದು ಎಣಿಸಿ ನೋಡಿದೆ. ಹನ್ನೆರಡನ್ನು ಕೆಂಪು ಶಾಯಿಯಲ್ಲಿ ಹೊಡೆದು ಹನ್ನೊಂದೆಂದು ಬರೆದೆ. ಮಡಿಕೆಯಕ್ಕ ಸಹಿ ಹಾಕಿ, ಪಟ್ಟಿಯನ್ನು ತಾವೇ ಎತ್ತಿಕೊಂಡು, ಹೊಲಿಯಲೆಂದು ಮೇಸ್ತ್ರಿಯ ಮೇಜಿಗೆ ತೆಗೆದುಕೊಂಡು ಹೋದರು.